ರಕ್ತದಲ್ಲಿ ತೇಲುವ ಕೊಬ್ಬಿನ ಕಣಗಳು

ರಕ್ತಪರೀಕ್ಷೆಯ ವರದಿಯಲ್ಲಿ ಒಟ್ಟು ಕೊಲೆಸ್ಟರಾಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್, ಎಲ್‌ಡಿಎಲ್ ಎಂಬ ಸಾಲುಗಳಿರುತ್ತವೆ. ಇವುಗಳಲ್ಲಿ ಎಲ್‌ಡಿಎಲ್ ಪ್ರಮಾಣವನ್ನು ಎಷ್ಟೋ ಪ್ರಯೋಗಾಲಯಗಳು ಅಳೆಯುವುದಿಲ್ಲ, ಲೆಕ್ಕ ಹಾಕಿ ಬರೆಯುತ್ತವೆ ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ.

ಎಣ್ಣೆ ನೀರಿನಲ್ಲಿ ಕರಗದು. ಆದ್ದರಿಂದ ರಕ್ತದಲ್ಲಿ ಕೊಬ್ಬು ಪ್ರೋಟೀನ್ ಸೇರಿದ ಸೂಕ್ಷ್ಮ ಕಣಗಳಲ್ಲಿ ಅಡಗಿ ಸಂಚರಿಸುತ್ತದೆ. ಊಟದ ನಂತರ ಕರುಳಿನಿಂದ ಬರುವ ಕೈಲೋಮೈಕ್ರಾನ್ ಕಣಗಳು ಎಲ್ಲಕ್ಕಿಂತ ದೊಡ್ಡವು. ಇವು ಹೆಚ್ಚಾದರೆ ಸೀರಂ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಯಕೃತ್ತಿನಿಂದ ಹೊರಡುವ ವಿಎಲ್‌ಡಿಎಲ್ ಕಣಗಳು ಅವಕ್ಕಿಂತ ಚಿಕ್ಕವು. ಎಲ್‌ಡಿಎಲ್ ಕಣದ ಅಡ್ಡಳತೆ ಸುಮಾರು 20 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದದಲ್ಲಿ ಇಂಥ 50,000 ಕಣಗಳನ್ನು ಸಾಲಾಗಿ ಇಡಬಹುದು! ಎಚ್‌ಡಿಎಲ್ ಇನ್ನೂ ಚಿಕ್ಕದು.

ಇವನ್ನು ಬೇರ್ಪಡಿಸುವುದು ಹೇಗೆ? ಡೇರಿಯಲ್ಲಿ ಹಾಲನ್ನು ಯಂತ್ರದಲ್ಲಿ ತಿರುಗಿಸಿ ಕೆನೆ ತೆಗೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಸೀರಂಗೆ ಲವಣ ಬೆರೆಸಿ ಸಾಂದ್ರತೆ ಹೆಚ್ಚಿಸಿ, ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ಅತಿ ವೇಗವಾಗಿ ತಿರುಗಿಸಿದರೆ ದೊಡ್ಡ, ಹಗುರ ಕಣಗಳು ಬೇಗ ಮೇಲೇರುತ್ತವೆ, ಚಿಕ್ಕವು ನಿಧಾನ. ಅಮೆರಿಕದ ಬರ್ಕ್ಲಿಯಲ್ಲಿ ಜಾನ್ ಗಾಫ್‌ಮನ್ ಮತ್ತು ಸಂಗಡಿಗರು 1950ರ ಸುಮಾರಿಗೆ ಈ ವಿಧಾನದಿಂದಲೇ ಕೊಬ್ಬಿನ ಕಣಗಳಿಗೂ ಹೃದ್ರೋಗಕ್ಕೂ ಇರುವ ನಂಟನ್ನು ತೋರಿಸಿದರು.

ಆದರೆ ಈ ಯಂತ್ರ ದುಬಾರಿ, ಗಂಟೆಗಟ್ಟಲೆ ಸಮಯವೂ ಬೇಕು. ಹಾಗಾಗಿ 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಹೋದ್ಯೋಗಿಗಳು ಒಂದು ಸರಳ ಸೂತ್ರ ಕೊಟ್ಟರು: ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಅನ್ನೂ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಬೇಕು. ಒಟ್ಟು 210, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಇದ್ದರೆ ಎಲ್‌ಡಿಎಲ್ 140.

ತೊಡಕಿರುವುದು ಇಲ್ಲಿಯೇ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರವನ್ನು ಬಳಸಬಾರದು. ಎಲ್‌ಡಿಎಲ್ ನಿಜಕ್ಕಿಂತ ಕಡಿಮೆ ಎಂದು ಬಂದು, ಚಿಕಿತ್ಸೆ ಬೇಕಾದವರೂ ನೆಮ್ಮದಿಯಿಂದ ಇದ್ದುಬಿಡಬಹುದು. ಹಿಂದಿನ ರಾತ್ರಿ ಮದುವೆಯೂಟ ಉಂಡು, ಬೆಳಿಗ್ಗೆ ಉಪವಾಸವಿಲ್ಲದೆ ರಕ್ತ ಕೊಟ್ಟು ಹೀಗಾಗಿದ್ದರೆ, ಹತ್ತು-ಹನ್ನೆರಡು ಗಂಟೆ ಉಪವಾಸವಿದ್ದು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಆಗಲೂ ಹೆಚ್ಚಿದ್ದರೆ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಇನ್ನೊಂದು ವಿಷಯ. ಇಬ್ಬರಿಗೂ ಎಲ್‌ಡಿಎಲ್ 120 ಇರಬಹುದು. ಒಬ್ಬರಲ್ಲಿ ಅದು ದೊಡ್ಡ ಕಣಗಳಲ್ಲಿ, ಇನ್ನೊಬ್ಬರಲ್ಲಿ ಚಿಕ್ಕ ಕಣಗಳಲ್ಲಿ ಹಂಚಿರುತ್ತದೆ. ಚಿಕ್ಕವಾದರೆ ಸಂಖ್ಯೆ ಹೆಚ್ಚು. ರಕ್ತನಾಳದ ಗೋಡೆಯೊಳಗೆ ನುಸುಳುವ ಕಣಗಳೂ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ, ಹೊಟ್ಟೆಯ ಬೊಜ್ಜಿರುವವರಲ್ಲಿ ಇದು ಸಾಮಾನ್ಯ. ಪ್ರತಿ ಎಲ್‌ಡಿಎಲ್ ಕಣದಲ್ಲೂ ಅಪೊ-ಬಿ ಎಂಬ ಪ್ರೋಟೀನ್ ಒಂದೇ ಇರುವುದರಿಂದ, ಅದನ್ನು ಅಳೆದರೆ ಕಣಗಳ ಎಣಿಕೆಯ ಅಂದಾಜು ಸಿಗುತ್ತದೆ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವವರು ಈ ಪರೀಕ್ಷೆ ತಮಗೆ ಬೇಕೇ ಎಂದು ವೈದ್ಯರಲ್ಲಿ ವಿಚಾರಿಸಬಹುದು.