ಕಿರಿಯ ಸಂಸ್ಥೆಗಳಲ್ಲಿ ತಂತ್ರಾಂಶ ರಚನೆಯ ಕ್ರಮ ಮತ್ತು ಗುಣಮಟ್ಟ

ಯಾವ ವಿದ್ಯೆಯೇ ಆಗಲಿ, ಕ್ರಮವನ್ನು ತೊರೆದು ಬೆಳೆಯಲಾರದು. ವ್ಯಾಕರಣಕ್ಕೆ ಸೂತ್ರ, ಛಂದಸ್ಸಿಗೆ ಪ್ರಸ್ತಾರ, ಶಿಲ್ಪಕ್ಕೆ ತಾಳಮಾನ, ವೈದ್ಯಕ್ಕೆ ಪಥ್ಯ ಎಂಬಂತೆ ಒಂದೊಂದು ವಿದ್ಯೆಯೂ ತನಗೆ ತಕ್ಕ ಕಟ್ಟುಪಾಡನ್ನು ಕಾಲಕ್ರಮದಲ್ಲಿ ರೂಪಿಸಿಕೊಂಡಿದೆ. ಗಣಕಯಂತ್ರವು ನಡೆಸಬೇಕಾದ ಕಾರ್ಯವನ್ನು ಅದಕ್ಕೆ ತಿಳಿಯುವಂತೆ ಬರೆದಿಡುವ ವಿದ್ಯೆ, ಅಂದರೆ ಕನ್ನಡದಲ್ಲಿ ತಂತ್ರಾಂಶವೆಂದು ರೂಢಿಗೆ ಬಂದಿರುವ ಸಾಫ್ಟ್‌ವೇರಿನ ರಚನೆ, ಇವೆಲ್ಲವುಗಳಿಗಿಂತ ವಯಸ್ಸಿನಲ್ಲಿ ಬಹು ಎಳೆಯದು. ಆದರೂ ಅದು ಇಂದು ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಚೀಟಿ, ಪಹಣಿ, ಶಾಲೆಯ ಅಂಕಪಟ್ಟಿ ಎಲ್ಲವನ್ನೂ ಆವರಿಸಿಕೊಂಡಿದೆ. ಆದಕಾರಣ ಅದರ ಕ್ರಮ ಯಾವುದು, ಅದರ ಗುಣವನ್ನು ಅಳೆಯುವ ಬಗೆ ಯಾವುದು ಎಂಬುದು ಕೇವಲ ಯಂತ್ರಜ್ಞರ ಚರ್ಚೆಯಾಗಿ ಉಳಿಯದೆ, ವಿದ್ಯಾಸಂಸ್ಥೆಗಳ ಹಿತಚಿಂತಕರೆಲ್ಲರೂ ಆಲೋಚಿಸಬೇಕಾದ ವಿಷಯವಾಗಿದೆ.

ಬೆಂಗಳೂರಿನ ಪೂರ್ವದಿಕ್ಕಿನಲ್ಲಿರುವ ದೊಡ್ಡನೆಕ್ಕುಂದಿ ಒಂದು ಕಾಲಕ್ಕೆ ಕೆರೆಯನ್ನೂ ಹೊಲತೋಟಗಳನ್ನೂ ನೆಚ್ಚಿದ್ದ ಗ್ರಾಮ. ಇಂದು ಹೊರವರ್ತುಲ ರಸ್ತೆಯೂ ಕೈಗಾರಿಕಾ ಪ್ರದೇಶವೂ ಅದನ್ನು ಬಳಸಿಕೊಂಡಿವೆ. ಮಹದೇವಪುರ, ಮಾರತ್ತಹಳ್ಳಿ, ಕುಂದಲಹಳ್ಳಿಗಳ ಉದ್ದಕ್ಕೂ ಗಾಜಿನ ಗೋಡೆಯ ಮಹಾಸೌಧಗಳು ಎದ್ದಿವೆ. ಅವುಗಳ ನೆರಳಿನಲ್ಲಿ, ಅಂಗಡಿಯ ಮೇಲಂತಸ್ತಿನಲ್ಲಿ ಅಥವಾ ಬಾಡಿಗೆಮನೆಯ ಎರಡು ಕೋಣೆಗಳಲ್ಲಿ, ಐದೋ ಹತ್ತೋ ಮಂದಿ ಕೂಡಿ ತಂತ್ರಾಂಶ ರಚಿಸುವ ಕಿರಿಯ ಸಂಸ್ಥೆಗಳೂ ಇಂತಹ ಪ್ರದೇಶಗಳಲ್ಲಿ ನೆಲೆಗೊಳ್ಳುತ್ತವೆ. ಮಹಾಸೌಧಗಳ ಕೀರ್ತಿಯನ್ನು ಪತ್ರಿಕೆಗಳು ಸಾರುತ್ತವೆ. ಕಿರಿಯರ ಕಷ್ಟಸುಖವನ್ನು ವಿಚಾರಿಸುವವರು ವಿರಳ. ಆದರೆ ಊರಿನ ಶಾಲೆ, ಸಹಕಾರ ಸಂಘ, ಔಷಧದಂಗಡಿಗಳಿಗೆ ತಂತ್ರಾಂಶ ಒದಗಿಸುವವರು ಬಹುಮಟ್ಟಿಗೆ ಇವರೇ. ಇವರ ಕೆಲಸ ಕ್ರಮಬದ್ಧವಾಗುವ ಬಗೆಯನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

೧. ದೋಷದ ಸ್ವರೂಪ

ಗುಣವನ್ನು ಅರಿಯಬೇಕಾದರೆ ಮೊದಲು ದೋಷವನ್ನು ಅರಿಯಬೇಕು. ತಂತ್ರಾಂಶದ ದೋಷವನ್ನು ಲೋಕರೂಢಿಯಲ್ಲಿ ‘ಬಗ್’ ಎನ್ನುತ್ತಾರೆ. ಮುರಿದ ನೇಗಿಲು ಕಣ್ಣಿಗೆ ಕಾಣುತ್ತದೆ, ಒಡೆದ ಗಡಿಗೆಯಿಂದ ನೀರು ಸೋರುತ್ತದೆ. ತಂತ್ರಾಂಶದ ದೋಷವಾದರೋ ಸರಿಯಾದುದರ ವೇಷವನ್ನೇ ತೊಟ್ಟು ಕುಳಿತಿರುತ್ತದೆ.

ಇದಕ್ಕೊಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಆರು ಮಂದಿಯ ಒಂದು ಸಂಸ್ಥೆ ಶಾಲೆಯೊಂದಕ್ಕೆ ಅಂಕಪಟ್ಟಿಯ ತಂತ್ರಾಂಶವನ್ನು ರಚಿಸಿಕೊಡುತ್ತದೆ. ವಿದ್ಯಾರ್ಥಿಯ ಹೆಸರಿಗಾಗಿ ಗಣಕದ ನೆನಪಿನಲ್ಲಿ ೩೦ ಬೈಟುಗಳಷ್ಟು ಜಾಗವನ್ನು ಮೀಸಲಿಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟು ಸಾಕಾದುದರಿಂದ ಇಂಗ್ಲಿಷ್ ಹೆಸರುಗಳಿಗೆ ಇದು ಧಾರಾಳವಾಯಿತು. ಕನ್ನಡದ ಸ್ಥಿತಿ ಬೇರೆ. ಇಂದು ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಚಿಹ್ನೆ ಪ್ರತಿಯೊಂದಕ್ಕೂ ಪ್ರತ್ಯೇಕ ಸಂಕೇತವಿದೆ. ಯುಟಿಎಫ್-೮ ಎಂಬ ಕ್ರಮದಲ್ಲಿ ಬರೆದಿಡುವಾಗ ಒಂದೊಂದು ಸಂಕೇತವೂ ಮೂರು ಬೈಟುಗಳನ್ನು ಬೇಡುತ್ತದೆ. ‘ವಿಶ್ವೇಶ್ವರಯ್ಯ’ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಐದು, ಸಂಕೇತಗಳು ೧೩, ಬೇಕಾದ ಬೈಟುಗಳು ೩೯. ಮೀಸಲಿಟ್ಟ ಜಾಗದಲ್ಲಿ ಹಿಡಿಯುವುದು ಹತ್ತು ಸಂಕೇತಗಳು ಮಾತ್ರ. ಉಳಿದ ‘ಯ್ಯ’ ಕತ್ತರಿಸಿಹೋಗಿ ಅಂಕಪಟ್ಟಿಯಲ್ಲಿ ‘ವಿಶ್ವೇಶ್ವರ’ ಎಂದು ಮುದ್ರಿತವಾಗುತ್ತದೆ.

ಅರ್ಧಾಕ್ಷರವೇನಾದರೂ ಉಳಿದಿದ್ದರೆ ಗುಮಾಸ್ತರ ಕಣ್ಣಿಗೆ ಬೀಳುತ್ತಿತ್ತು. ‘ವಿಶ್ವೇಶ್ವರ’ ಎಂಬುದು ತಾನಾಗಿಯೇ ಸಾಧುವಾದ ಹೆಸರಾದ್ದರಿಂದ ಯಾರಿಗೂ ಸಂಶಯ ಹುಟ್ಟುವುದಿಲ್ಲ. ಕೆಲವು ವರ್ಷಗಳ ಅನಂತರ ಆ ಬಡ ವಿದ್ಯಾರ್ಥಿ ವಿದ್ಯಾರ್ಥಿವೇತನಕ್ಕೋ ಉದ್ಯೋಗಕ್ಕೋ ಅರ್ಜಿ ಹಾಕಿದಾಗ, ಅಂಕಪಟ್ಟಿಯ ಹೆಸರು ಬೇರೆ, ಇತರ ದಾಖಲೆಯ ಹೆಸರು ಬೇರೆ ಎಂಬ ಆಕ್ಷೇಪ ಏಳುತ್ತದೆ. ತಪ್ಪು ಯಾರದೋ, ಅಲೆದಾಟ ಯಾರದೋ! ಗುಣಮಟ್ಟದ ಮಾತು ಕೊನೆಗೆ ಬಂದು ನಿಲ್ಲುವುದು ಇಂತಹ ಮನೆಯ ಬಾಗಿಲಲ್ಲಿ.

೨. ಕ್ರಮವಿಚಾರದ ಇತಿಹಾಸ

ತಂತ್ರಾಂಶಗಳು ಗಾತ್ರದಲ್ಲಿ ಬೆಳೆದಂತೆ ದೋಷಗಳೂ ಬೆಳೆದವು. ೧೯೬೮ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ನ್ಯಾಟೋ ಒಕ್ಕೂಟದ ಆಶ್ರಯದಲ್ಲಿ ಸೇರಿದ ವಿದ್ವಾಂಸರು ಈ ದುಃಸ್ಥಿತಿಯನ್ನು ಚರ್ಚಿಸಿ, ಸೇತುವೆ ಕಟ್ಟುವ ಶಾಸ್ತ್ರವಿರುವಂತೆ ತಂತ್ರಾಂಶ ಕಟ್ಟುವುದಕ್ಕೂ ಒಂದು ಶಾಸ್ತ್ರ ಬೇಕೆಂದು ಮನಗಂಡರು. ೧೯೮೪ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿ ವಾಟ್ಸ್ ಹಂಫ್ರಿ ಮತ್ತು ಅವರ ಸಹೋದ್ಯೋಗಿಗಳು ಆರಂಭಿಸಿದ ಕಾರ್ಯದ ಫಲವಾಗಿ ೧೯೯೧ರಲ್ಲಿ ‘ಸಿಎಂಎಂ’ ಎಂಬ ಹೆಸರಿನ ಪರಿಪಕ್ವತೆಯ ಮಾದರಿ ಹೊರಬಂದಿತು.

ಈ ಮಾದರಿಯಲ್ಲಿ ಐದು ಹಂತಗಳಿವೆ. ಮೊದಲನೆಯದರಲ್ಲಿ ಕೆಲಸವೆಲ್ಲ ವ್ಯಕ್ತಿಯ ಚಾತುರ್ಯವನ್ನೂ ಅದೃಷ್ಟವನ್ನೂ ಅವಲಂಬಿಸಿರುತ್ತದೆ. ಎರಡನೆಯದರಲ್ಲಿ ಒಮ್ಮೆ ಸಾಧಿಸಿದುದನ್ನು ಮತ್ತೊಮ್ಮೆ ಸಾಧಿಸುವಷ್ಟು ಶಿಸ್ತು ಬರುತ್ತದೆ. ಮೂರನೆಯದರಲ್ಲಿ ಇಡೀ ಸಂಸ್ಥೆಗೆ ಒಪ್ಪಿತವಾದ ಲಿಖಿತ ಕ್ರಮವಿರುತ್ತದೆ. ನಾಲ್ಕನೆಯದರಲ್ಲಿ ಆ ಕ್ರಮವನ್ನು ಅಂಕಿಗಳಿಂದ ಅಳೆಯುತ್ತಾರೆ. ಐದನೆಯದರಲ್ಲಿ ಅಳತೆಯಿಂದ ದೊರೆತ ಅರಿವಿನ ಬಲದಿಂದ ಕ್ರಮವನ್ನೇ ನಿರಂತರವಾಗಿ ತಿದ್ದಿಕೊಳ್ಳುತ್ತಾರೆ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲಗಳನ್ನು ಬಲ್ಲವರಿಗೆ ಈ ಸೋಪಾನಕ್ರಮ ಸುಲಭವಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಒಂದು ಆತ್ಮಸಾಧನೆಯ ಮಾರ್ಗ, ಇನ್ನೊಂದು ಲೌಕಿಕ ಕಾರ್ಯದ ವ್ಯವಸ್ಥೆ. ಹೋಲಿಕೆ ಸ್ಮರಣೆಯ ಅನುಕೂಲಕ್ಕಷ್ಟೇ. ಆದರೂ ಮೆಟ್ಟಿಲನ್ನು ಹಾರಿ ಮೇಲೇರಲು ಹೊರಟವನು ಜಾರುತ್ತಾನೆಂಬ ಎಚ್ಚರಿಕೆ ಎರಡೆಡೆಯೂ ಸಲ್ಲುತ್ತದೆ.

೩. ಬೆಂಗಳೂರಿನ ದೃಷ್ಟಾಂತ

ಈ ವಿಷಯದಲ್ಲಿ ಬೆಂಗಳೂರು ಲೋಕಕ್ಕೆ ಮಾದರಿಯಾಗಿ ನಿಂತಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಮೋಟರೋಲಾ ಸಂಸ್ಥೆಯ ಬೆಂಗಳೂರು ಶಾಖೆ ೧೯೯೩ರಲ್ಲಿಯೇ ಐದನೆಯ ಹಂತವನ್ನು ಮುಟ್ಟಿ, ಜಗತ್ತಿನಲ್ಲಿ ಆ ಎತ್ತರಕ್ಕೇರಿದ ಮೊದಲ ಕೆಲವೇ ಸಂಸ್ಥೆಗಳ ಸಾಲಿಗೆ ಸೇರಿತು. ೧೯೮೧ರಲ್ಲಿ ಏಳು ಮಂದಿ ಕೇವಲ ಹತ್ತು ಸಾವಿರ ರೂಪಾಯಿಗಳ ಮೂಲಧನದಿಂದ ಪುಣೆಯಲ್ಲಿ ಆರಂಭಿಸಿದ ಇನ್ಫೋಸಿಸ್ ೧೯೮೩ರಲ್ಲಿ ಬೆಂಗಳೂರಿಗೆ ಬಂದಿತು; ೧೯೯೩ರಲ್ಲಿ ಐಎಸ್‌ಒ ೯೦೦೧ ಮನ್ನಣೆಯನ್ನೂ ೧೯೯೯ರಲ್ಲಿ ಸಿಎಂಎಂ ಐದನೆಯ ಹಂತವನ್ನೂ ಪಡೆಯಿತು. ಅಲ್ಲಿನ ಕಾರ್ಯಕ್ರಮವನ್ನು ಪಂಕಜ್ ಜಲೋಟೆಯವರು ೧೯೯೯ರ ತಮ್ಮ ಗ್ರಂಥದಲ್ಲಿ ಸವಿಸ್ತಾರವಾಗಿ ನಿರೂಪಿಸಿದ್ದಾರೆ.

ದೂರದೇಶದ ಗ್ರಾಹಕನು ಬೆಂಗಳೂರಿನ ಕೆಲಸಗಾರನ ಮುಖವನ್ನು ಕಂಡವನಲ್ಲ. ಅವನ ಮಾತನ್ನು ನಂಬಲು ಆಧಾರ ಬೇಕಾಗಿತ್ತು. ಲಿಖಿತವಾದ ಕ್ರಮವೂ ಅಳೆದು ತೋರಿಸಿದ ಅಂಕಿಯೂ ಆ ನಂಬಿಕೆಗೆ ಆಧಾರವಾದವು. ಇಂದಿನ ಹಿರಿಯ ಸಂಸ್ಥೆಯೂ ಒಂದು ದಿನ ಕಿರಿದಾಗಿಯೇ ಇತ್ತೆಂಬುದನ್ನು ಇಲ್ಲಿ ಗಮನಿಸಬೇಕು.

೪. ಕಿರಿಯರ ತೊಡಕು ಮತ್ತು ಅದಕ್ಕೆ ದೊರೆತ ಪರಿಹಾರ

ಹಿರಿಯರಿಗೆ ಹೊಂದಿದ ಅಂಗಿ ಕಿರಿಯರಿಗೆ ಹೊಂದೀತೆ? ೧೯೯೩ರ ಸಿಎಂಎಂ ಆವೃತ್ತಿಯಲ್ಲಿ ೧೮ ಪ್ರಮುಖ ಕಾರ್ಯಕ್ಷೇತ್ರಗಳೂ ೩೧೬ ಮುಖ್ಯ ಆಚರಣೆಗಳೂ ಇದ್ದವು. ಆರು ಮಂದಿಯ ಸಂಸ್ಥೆ ಇವೆಲ್ಲವನ್ನೂ ಕಾಗದದಲ್ಲಿ ದಾಖಲಿಸಹೊರಟರೆ ದಾಖಲೆ ಉಳಿದೀತು, ತಂತ್ರಾಂಶ ಹುಟ್ಟದು. ಪ್ರತ್ಯೇಕ ಪರೀಕ್ಷಕರನ್ನು ನೇಮಿಸುವ ಶಕ್ತಿ ಅದಕ್ಕಿಲ್ಲ. ಗ್ರಾಹಕನೊಡನೆ ಮಾತನಾಡುವವನೇ ಬರೆಯುತ್ತಾನೆ, ಬರೆದವನೇ ಪರೀಕ್ಷಿಸುತ್ತಾನೆ, ಕೆಟ್ಟಾಗ ಓಡುವವನೂ ಅವನೇ. ಅವನು ಸಂಸ್ಥೆಯನ್ನು ಬಿಟ್ಟುಹೋದ ದಿನ ವಿದ್ಯೆಯೂ ಅವನೊಡನೆ ಹೊರಟುಹೋಗುತ್ತದೆ.

ಈ ತೊಡಕನ್ನು ಕಂಡುಕೊಂಡ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಗಳು ೨೦೦೫ರಲ್ಲಿ ಒಂದು ಕಾರ್ಯಸಮಿತಿಯನ್ನು ನೇಮಿಸಿ, ೨೫ ಮಂದಿಯನ್ನು ಮೀರದ ಅತಿಕಿರಿಯ ಘಟಕಗಳಿಗಾಗಿಯೇ ‘ಐಎಸ್‌ಒ/ಐಇಸಿ ೨೯೧೧೦’ ಎಂಬ ಮಾನದಂಡವನ್ನು ೨೦೧೧ರಿಂದ ಪ್ರಕಟಿಸತೊಡಗಿದವು. ಇದರ ಮೂಲಸ್ತರದಲ್ಲಿ ಇರುವುದು ಎರಡೇ ಕಾರ್ಯಗಳು: ಯೋಜನೆಯ ನಿರ್ವಹಣೆ ಒಂದು, ತಂತ್ರಾಂಶದ ರಚನೆ ಇನ್ನೊಂದು. ಆರಂಭ, ಅಗತ್ಯಗಳ ವಿವೇಚನೆ, ವಿನ್ಯಾಸ, ರಚನೆ, ಜೋಡಣೆ ಮತ್ತು ಪರೀಕ್ಷೆ, ಒಪ್ಪಿಸುವಿಕೆ ಎಂದು ರಚನೆಯನ್ನು ಆರು ಭಾಗಗಳಾಗಿ ವಿಂಗಡಿಸಲಾಗಿದೆ. ಆಗತಾನೆ ಕಣ್ಣುಬಿಟ್ಟ ಸಂಸ್ಥೆಗಳಿಗೆ ಇನ್ನೂ ಸರಳವಾದ ಪ್ರವೇಶಸ್ತರವೂ ಉಂಟು.

೫. ಆಚರಣೆಯಲ್ಲಿ ತರಬೇಕಾದ ಐದು ನಿಯಮಗಳು

ಮಾನದಂಡದ ಪಾರಿಭಾಷಿಕ ಪದಗಳನ್ನು ಬದಿಗಿರಿಸಿ ಸಾರವನ್ನು ಹಿಡಿದರೆ, ಕಿರಿಯ ಸಂಸ್ಥೆಗಳು ಅನುಸರಿಸಬೇಕಾದ ನಿಯಮಗಳು ಐದು.

ಮೊದಲನೆಯದು, ಬೇಕಾದುದನ್ನು ಬರೆಹದಲ್ಲಿ ಗೊತ್ತುಪಡಿಸುವುದು. ಹೆಸರು ಯಾವ ಭಾಷೆಯಲ್ಲಿರಬೇಕು, ಎಷ್ಟು ಉದ್ದವಿರಬಹುದು, ಅಕಾರಾದಿ ಕ್ರಮ ಕನ್ನಡದ ವರ್ಣಮಾಲೆಯಂತೆ ಬರಬೇಕೆ ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿ ಉತ್ತರ ಬರೆದುಕೊಂಡಿದ್ದರೆ ಮೇಲಿನ ಉದಾಹರಣೆಯ ಅನರ್ಥ ಹುಟ್ಟುತ್ತಲೇ ಇರಲಿಲ್ಲ.

ಎರಡನೆಯದು, ಆವೃತ್ತಿಗಳನ್ನು ಕಾಪಾಡುವುದು. ಇಂದು ತಿದ್ದಿದುದು ಯಾವುದು, ತಿದ್ದಿದವರು ಯಾರು, ಏತಕ್ಕಾಗಿ ಎಂಬುದಕ್ಕೆ ಲೆಕ್ಕವಿರಬೇಕು. ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂಬ ನಾಲ್ವರು ಬೇರೆಬೇರೆ ಕಾಲಗಳಲ್ಲಿ ಸಂಪಾದಿಸಿದರು. ನಾಲ್ಕೂ ಪಾಠಗಳು ಉಳಿದು ಬಂದಿರುವುದರಿಂದಲೇ ಯಾವುದು ಯಾರ ಕೈಯಲ್ಲಿ ಹೇಗೆ ಬದಲಾಯಿತೆಂದು ಇಂದಿನ ವಿದ್ವಾಂಸರು ತೂಗಿ ನೋಡಬಲ್ಲರು. ಹಳೆಯ ಪಾಠವನ್ನು ಅಳಿಸಿ ಹೊಸದನ್ನು ಬರೆಯುವವನಿಗೆ ಹಿಂದಿರುಗುವ ದಾರಿಯೇ ಇರದು. ಇಂದು ‘ಗಿಟ್’ ಎಂಬ ಉಚಿತ ಸಾಧನವೇ ಈ ಕೆಲಸವನ್ನು ಮಾಡಿಕೊಡುತ್ತದೆ.

ಮೂರನೆಯದು, ಒಬ್ಬರು ಬರೆದುದನ್ನು ಇನ್ನೊಬ್ಬರು ಓದುವುದು. ೧೯೭೬ರಲ್ಲಿ ಐಬಿಎಂ ಸಂಸ್ಥೆಯ ಮೈಕಲ್ ಫೇಗನ್ ಇದನ್ನೊಂದು ವಿಧಿಯಾಗಿಯೇ ನಿರೂಪಿಸಿದರು: ಸಹೋದ್ಯೋಗಿಗಳು ಕೂಡಿ ಕುಳಿತು ಬರೆಹವನ್ನು ಕ್ರಮವಾಗಿ ಪರಿಶೀಲಿಸಬೇಕು, ಕಂಡ ದೋಷವನ್ನು ದಾಖಲಿಸಬೇಕು, ತಿದ್ದಿದ ಮೇಲೆ ತಿದ್ದುಪಡಿಯನ್ನೂ ನೋಡಬೇಕು. ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಬ್ಬರು ಓದಿ ಇನ್ನೊಬ್ಬರು ಪಾಠಾಂತರ ಗುರುತಿಸುವ ಗ್ರಂಥಸಂಪಾದನೆಯ ಪದ್ಧತಿಗೆ ಇದು ತೀರ ಸಮೀಪದ್ದು. ಪ್ರತಿಕಾರನು ತನ್ನ ಸ್ಖಾಲಿತ್ಯವನ್ನು ತಾನೇ ಕಾಣಲಾರನೆಂಬುದು ಅನುಭವಸಿದ್ಧ. ಇಬ್ಬರೇ ಇರುವ ಸಂಸ್ಥೆಯಲ್ಲಿಯೂ ಇದು ಸಾಧ್ಯ.

ನಾಲ್ಕನೆಯದು, ಪರೀಕ್ಷೆ. ಸುಲಭವಾದ ಹೆಸರುಗಳಿಂದ ಮಾತ್ರ ಪರೀಕ್ಷಿಸಿದರೆ ದೋಷ ಹೊರಬೀಳದು. ಅತಿ ದೀರ್ಘವಾದ ಹೆಸರು, ‘ಸ್ತ್ರೀ’ಯಂತಹ ಮೂರು ವ್ಯಂಜನಗಳ ಒತ್ತಕ್ಷರ, ಅರ್ಕಾವೊತ್ತು, ಶೂನ್ಯ ಅಂಕ, ನೂರಕ್ಕೆ ನೂರು ಅಂಕ, ಗೈರುಹಾಜರಿ ಇವೆಲ್ಲವನ್ನೂ ಕೊಟ್ಟು ನೋಡಬೇಕು. ಒಮ್ಮೆ ಬರೆದಿಟ್ಟ ಪರೀಕ್ಷೆಗಳನ್ನು ಪ್ರತಿ ತಿದ್ದುಪಡಿಯ ಅನಂತರವೂ ಮತ್ತೆ ನಡೆಸಬೇಕು.

ಐದನೆಯದು, ದೋಷಗಳ ಖಾತೆ. ವರ್ತಕನು ಜಮಾಖರ್ಚು ಬರೆದಿಡುವಂತೆ, ದೋಷ ಕಂಡ ದಿನ, ಹುಟ್ಟಿದ ಕಾರಣ, ತಿದ್ದಲು ಹಿಡಿದ ಕಾಲ ಇವುಗಳನ್ನು ಬರೆದಿಡಬೇಕು. ಹಂಫ್ರಿಯವರು ೧೯೯೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಬ್ಬೊಬ್ಬ ರಚನಕಾರನೂ ತನ್ನ ವೇಳೆ ಮತ್ತು ದೋಷಗಳನ್ನು ತಾನೇ ದಾಖಲಿಸಿಕೊಳ್ಳುವ ವೈಯಕ್ತಿಕ ಶಿಸ್ತನ್ನು ಬೋಧಿಸಿದರು. ಆರು ತಿಂಗಳ ಖಾತೆಯನ್ನು ತಿರುವಿ ನೋಡಿದರೆ ಯಾವ ಬಗೆಯ ತಪ್ಪು ಮರಳಿ ಮರಳಿ ಬರುತ್ತಿದೆಯೆಂಬುದು ತಾನೇ ತಿಳಿಯುತ್ತದೆ. ಈ ಖಾತೆಯನ್ನು ಕೆಲಸಗಾರನ ಮೇಲಿನ ಆಪಾದನೆಗೆ ಬಳಸಕೂಡದು. ಬಳಸಿದರೆ ಮರುದಿನದಿಂದ ಯಾರೂ ನಿಜವನ್ನು ಬರೆಯರು.

೬. ಎರಡು ಆಕ್ಷೇಪಗಳು

ಇಷ್ಟೆಲ್ಲ ಮಾಡಲು ವೇಳೆಯೆಲ್ಲಿ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ; ಕ್ರಮಕ್ಕೆ ಕಾಲ ತಗಲುತ್ತದೆ, ಗ್ರಾಹಕನು ಹಣ ಕೊಡುವುದು ಕೆಲಸ ಮುಗಿದ ಮೇಲೆ. ಆದರೆ ಬರೆಯುವ ಹೊತ್ತಿನಲ್ಲಿ ಕಂಡ ದೋಷವನ್ನು ಒಂದು ಸಾಲು ತಿದ್ದಿ ಸರಿಪಡಿಸಬಹುದು. ಅದೇ ದೋಷ ಶಾಲೆಯನ್ನು ಮುಟ್ಟಿದ ಮೇಲೆ ನೂರಾರು ಅಂಕಪಟ್ಟಿಗಳನ್ನು ಹಿಂದಕ್ಕೆ ತರಿಸಿ ಮತ್ತೆ ಮುದ್ರಿಸಬೇಕಾಗುತ್ತದೆ. ಐದು ನಿಯಮಗಳನ್ನೂ ಒಂದೇ ದಿನ ಹಿಡಿಯಬೇಕಾಗಿಲ್ಲ. ಮೊದಲು ಎರಡನ್ನು ರೂಢಿಸಿಕೊಂಡು ಉಳಿದವನ್ನು ಮೆಲ್ಲನೆ ತರಬಹುದು.

ಪ್ರಮಾಣಪತ್ರವೊಂದಿದ್ದರೆ ಸಾಲದೆ ಎಂಬುದು ಎರಡನೆಯದು. ಗೋಡೆಗೆ ತೂಗುಹಾಕಿದ ಪತ್ರ ಗ್ರಾಹಕನನ್ನು ಕರೆತಂದೀತು, ದೋಷವನ್ನು ತಿದ್ದಲಾರದು. ಪರೀಕ್ಷಕರು ಬರುವ ವಾರ ದಾಖಲೆಗಳನ್ನು ಸೃಷ್ಟಿಸುವ ಸಂಸ್ಥೆ ತನ್ನನ್ನೇ ವಂಚಿಸಿಕೊಳ್ಳುತ್ತದೆ. ಕಾಯಕದ ಶುದ್ಧಿಯನ್ನು ಶರಣರು ಅಂತರಂಗದ ಸಾಕ್ಷಿಗೆ ಒಪ್ಪಿಸಿದರು. ಯಾರೂ ನೋಡದ ಕಡೆಯಲ್ಲಿಯೂ ಸಾಲುಗಳನ್ನು ಶುದ್ಧವಾಗಿ ಬರೆಯುವವನೇ ಈ ಹೊಸ ಕಾಯಕದ ನಿಜವಾದ ಕಾಯಕಜೀವಿ.

೭. ವಿದ್ಯಾಸಂಸ್ಥೆಗಳ ಹೊಣೆ

ಶ್ರೀಮಠದ ಆಶ್ರಯದಲ್ಲಿ ಅನ್ನ, ಅಕ್ಷರಗಳನ್ನು ಪಡೆದ ವಿದ್ಯಾರ್ಥಿಗಳು ಮುಂದೆ ಇಂತಹ ಕಿರಿಯ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಬಹುದು, ತಾವೇ ಸಂಸ್ಥೆಗಳನ್ನು ಕಟ್ಟಲೂಬಹುದು. ಅವರಿಗೆ ಬೇಕಾದ ಶಿಸ್ತಿನ ಬೀಜ ತರಗತಿಯಲ್ಲಿಯೇ ಬೀಳಬೇಕು. ಲೆಕ್ಕದ ಉತ್ತರವನ್ನು ತಾಳೆ ನೋಡುವುದು, ಪ್ರಬಂಧವನ್ನು ಗೆಳೆಯನಿಗೆ ಓದಲು ಕೊಡುವುದು, ಪ್ರಯೋಗದ ದಾಖಲೆಯನ್ನು ಅಂದಂದೇ ಬರೆಯುವುದು ಈ ಮೂರನ್ನು ಅಧ್ಯಾಪಕರು ರೂಢಿಸಿದರೆ ಮೇಲೆ ಹೇಳಿದ ಐದು ನಿಯಮಗಳಿಗೆ ನೆಲ ಹದವಾಗುತ್ತದೆ. ಇಂತಹ ವೃತ್ತಿಯಲ್ಲಿ ನೆಲೆಯೂರಿದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ದಿನ ಬಂದು ತಮ್ಮ ಅನುಭವವನ್ನು ಕಿರಿಯರಿಗೆ ಹಂಚಿದರೆ ಅದೂ ದಾಸೋಹವೇ. ದಾನಿಗಳು ಶಾಲೆಗೆ ತಂತ್ರಾಂಶ ಕೊಡಿಸುವಾಗ ಬೆಲೆಯೊಂದನ್ನೇ ವಿಚಾರಿಸದೆ, ಅಗತ್ಯಗಳ ಪಟ್ಟಿ ಎಲ್ಲಿ, ಕನ್ನಡದ ಹೆಸರುಗಳಿಂದ ಪರೀಕ್ಷಿಸಿದ ದಾಖಲೆ ಎಲ್ಲಿ, ದೋಷ ಕಂಡರೆ ತಿದ್ದಿಕೊಡುವ ಒಪ್ಪಂದವೆಲ್ಲಿ ಎಂದು ಕೇಳುವುದು ಉಚಿತ. ಕೇಳುವವರಿದ್ದಲ್ಲಿ ಗುಣ ತಾನಾಗಿಯೇ ಬೆಳೆಯುತ್ತದೆ. ಮಕ್ಕಳ ಹೆಸರುಗಳು ಅಂಕಪಟ್ಟಿಯಲ್ಲಿ ತಂದೆತಾಯಿಗಳು ಇಟ್ಟಂತೆಯೇ, ಒಂದಕ್ಷರವೂ ಲೋಪವಾಗದೆ ಮೂಡಿಬರಲಿ ಎಂಬುದೇ ಸರ್ವರ ಹಾರೈಕೆಯಾಗಿದೆ.