ಮೊದಲ ಮಿಗದ ಆಸೆ ಹೊತ್ತ ಚಿರಂಜೀವಿಗೆ

 

ಹೊಸದಾಗಿ ಬಿಲ್ಲು ಹಿಡಿದ ತರುಣನಿಗೆ ಒಂದಲ್ಲ ಒಂದು ದಿನ ಮಿಗ ಹೊಡೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಬೇಟೆಗೆ ಪರವಾನಗಿ ಇರುವ ಹೊರದೇಶಗಳ ಬಿಲ್ಲುಗಾರರು ತಮ್ಮ ಮೊದಲ ಜಿಂಕೆಯ ಪಕ್ಕ ಕುಳಿತು ತೆಗೆಸಿಕೊಂಡ ಚಿತ್ರಗಳನ್ನು ನೋಡಿದವನಲ್ಲಿ ಅದು ಇನ್ನಷ್ಟು ಬಲವಾಗುತ್ತದೆ. ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುವುದು ಲೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಮು ಜಿಂಕೆ, ಕಡವೆ, ಕಾಡುಕುರಿಗಳ ಬೇಟೆಯನ್ನು ನಿಷೇಧಿಸುತ್ತದೆ. ಆ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಅಟ್ಟುವುದು, ಉರುಳು ಹಾಕುವುದು, ಆಮಿಷವೊಡ್ಡುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಆದ್ದರಿಂದ ಕಾಡಿನಲ್ಲಾಗಲಿ, ಅಡಿಕೆ ತೋಟಕ್ಕೆ ಸೊಪ್ಪು-ದರಕು ತರಲು ಬಿಟ್ಟಿರುವ ಸೊಪ್ಪಿನ ಬೆಟ್ಟದಲ್ಲಾಗಲಿ, ಬಾಣ ಗುರಿ ತಪ್ಪಿತೆಂಬುದು ಯಾರಿಗೂ ರಕ್ಷಣೆಯಾಗದು.

ಆದರೆ ಹೆದರಿ ಬಿಟ್ಟ ಆಸೆ ಒಳಗೇ ಕುಳಿತಿರುತ್ತದೆ. ಬಾಣ ಮಾಡುವ ಕೆಲಸವೇನೆಂದು ಅರಿತು ಬಿಡುವುದು ಬೇರೆಯ ಮಾತು. ಅದಕ್ಕಾಗಿಯೇ ಈ ಪತ್ರ.

ಕೋವಿಯ ಗುಂಡು ತನ್ನ ಹೊಡೆತದ ಬಲದಿಂದಲೇ ಪ್ರಾಣಿಯನ್ನು ಕೆಡಹಬಲ್ಲದು. ಬಾಣಕ್ಕೆ ಆ ಬಲವಿಲ್ಲ. ಅದರ ಅಲಗು ರಕ್ತನಾಳಗಳನ್ನು ಕತ್ತರಿಸಿ, ರಕ್ತಸ್ರಾವದಿಂದ ಪ್ರಾಣ ತೆಗೆಯುತ್ತದೆ. ಎರಡೂ ಶ್ವಾಸಕೋಶಗಳನ್ನು ಸರಿಯಾಗಿ ಸೀಳಿದ ಬಾಣ ತಗುಲಿದ ಮೇಲೂ ಜಿಂಕೆ ನೂರು ಮೀಟರಿನಷ್ಟು ಓಡಿ ಬೀಳುವುದುಂಟು. ಅದಕ್ಕೇ ಅನುಭವಿಗಳು ಬಾಣ ಬಿಟ್ಟ ಕೂಡಲೇ ಬೆನ್ನಟ್ಟುವುದಿಲ್ಲ. ಅರ್ಧ ಗಂಟೆಯಾದರೂ ಕುಳಿತಲ್ಲೇ ಕಾದು, ಆಮೇಲೆ ನೆತ್ತರ ಜಾಡು ಓದಲು ಹೊರಡುತ್ತಾರೆ. ಎಲೆಯ ಮೇಲಿನ ರಕ್ತ ತಿಳಿಗೆಂಪಾಗಿ ನೊರೆಗೂಡಿದ್ದರೆ ಪೆಟ್ಟು ಶ್ವಾಸಕೋಶಕ್ಕೆ ಬಿದ್ದಿದೆ. ಕಪ್ಪುಗೆಂಪಾಗಿದ್ದರೆ ಬಹುಶಃ ಯಕೃತ್ತಿಗೆ. ಅದರೊಂದಿಗೆ ಹಸಿರು ಮೇವಿನ ಕಸರು, ದುರ್ವಾಸನೆ ಇದ್ದರೆ ಹೊಟ್ಟೆಗೆ ತಗುಲಿದೆ ಎಂದರ್ಥ. ಈ ಕಡೆಯ ಪೆಟ್ಟಿನಲ್ಲಿ ಪ್ರಾಣಿ ಹಲವು ಗಂಟೆ ನರಳುತ್ತದೆ, ಎಷ್ಟೋ ಸಲ ಸಿಕ್ಕುವುದೇ ಇಲ್ಲ. ನಗುಮುಖದ ಚಿತ್ರಗಳಲ್ಲಿ ಈ ಭಾಗ ಕಾಣಿಸದು.

ಕೈ ಎಷ್ಟೇ ಪಳಗಿದ್ದರೂ ತಪ್ಪಿಸಲಾಗದ ಇನ್ನೊಂದು ಲೆಕ್ಕವಿದೆ. ಮರದ ಬಿಲ್ಲಿನಿಂದ ಹೊರಟ ಬಾಣದ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ಹೆದೆಯ, ಅಂದರೆ ಬಿಲ್ಲಿನ ಹುರಿಯ, ಸದ್ದಿನ ವೇಗ ಸುಮಾರು 340 ಮೀಟರ್. ಮೂವತ್ತು ಮೀಟರ್ ದೂರದ ಜಿಂಕೆಯ ಕಿವಿಗೆ ಸದ್ದು ಮುಟ್ಟಿದ ಮೇಲೆ ಬಾಣ ಬರಲು ಇನ್ನೂ ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಜಿಂಕೆ ನೆಗೆಯಲೆಂದು ಕಾಲು ಮಡಿಸಿ ಮೈ ತಗ್ಗಿಸಿರುತ್ತದೆ. ಎದೆಗೆಂದು ಬಿಟ್ಟ ಬಾಣ ಬೆನ್ನಿನ ಮೇಲೆ ಹಾದುಹೋಗುತ್ತದೆ, ಇಲ್ಲವೇ ಬೆನ್ನಿನ ಮಾಂಸದಲ್ಲಿ ನಾಟಿಕೊಳ್ಳುತ್ತದೆ. ಈ ಕಾರಣದಿಂದ ಬಿಲ್ಲಿನ ಬೇಟೆಯ ವಿದ್ಯೆಯೆಲ್ಲ ಇರುವುದು ಹತ್ತಿರ ಹೋಗುವುದರಲ್ಲಿ.

ಹತ್ತಿರ ಹೋಗುವ ಉಪಾಯಗಳನ್ನು ಹಿಂದಿನವರು ಬಲ್ಲವರಾಗಿದ್ದರು. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬೇಟೆಯ ವರ್ಣನೆಯಿದೆ, 12ನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯಾವಿನೋದಕ್ಕೆ ಪ್ರತ್ಯೇಕ ಭಾಗವೇ ಇದೆ. ದೀವ, ಅಂದರೆ ಕಾಡಿನ ಮಿಗವನ್ನು ಸೆಳೆಯಲು ಮುಂದೆ ಬಿಡುವ ಪಳಗಿದ ಮಿಗ, ಆ ಕಾಲದ ಬೇಟೆಗಾರರ ಸಾಧನವಾಗಿತ್ತು. ಸಾಗರದಾಚೆಯ ಕ್ಯಾಲಿಫೋರ್ನಿಯಾದಲ್ಲಿ, 1911ರಲ್ಲಿ ಕಾಡಿನಿಂದ ಹೊರಬಂದ ಯಾಹಿ ಬುಡಕಟ್ಟಿನ ಇಶಿ ಎಂಬಾತ ಎಳೆಯ ಎಲೆಯೊಂದನ್ನು ಮಡಿಸಿ ತುಟಿಗಿಟ್ಟು ಜಿಂಕೆಮರಿಯಂತೆ ಕೂಗಿ ತಾಯಿಯನ್ನು ಬಳಿಗೆ ಕರೆಯುತ್ತಿದ್ದನೆಂದು ಅವನಿಂದ ಬಿಲ್ವಿದ್ಯೆ ಕಲಿತ ವೈದ್ಯ ಸ್ಯಾಕ್ಸ್ಟನ್ ಪೋಪ್ 1923ರ ಪುಸ್ತಕದಲ್ಲಿ ಬರೆದಿದ್ದಾನೆ. ಜಾಣ್ಮೆಯೇನೋ ಮೆಚ್ಚುವಂಥದ್ದೇ, ಮರಿಯ ಕೂಗಿಗೆ ಓಡಿಬರುವ ತಾಯಿಗೆ ಬಾಣವಿಡುವುದನ್ನು ಮೆಚ್ಚಲು ಮಾತ್ರ ಮನಸ್ಸು ಒಪ್ಪುವುದಿಲ್ಲ.

ರತ್ನತ್ರಯ ಬಸದಿಯಿರುವ ಬಿಳಗಿಯ ತರುಣನಿಗೆ ಜನ್ನನ ‘ಯಶೋಧರ ಚರಿತೆ’ಯ ಕಥೆ ತಿಳಿದಿರಬೇಕು. 1209ರ ಈ ಜೈನ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರ ಮತ್ತು ಅವನ ತಾಯಿ ಜನ್ಮಜನ್ಮಾಂತರ ತೊಳಲಿ ಕಡೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಯಶೋಧರನ ಮಗನಾದ ಯಶೋಮತಿ ತನ್ನ ಶಬ್ದವೇಧಿಯನ್ನು, ಎಂದರೆ ಕಣ್ಣಿಗೆ ಕಾಣದ್ದನ್ನು ಸದ್ದು ಕೇಳಿಯೇ ಹೊಡೆಯುವ ವಿದ್ಯೆಯನ್ನು, ರಾಣಿಯೆದುರು ಮೆರೆಯಲೆಂದು ಆ ಕೋಳಿಗಳ ಕೂಗಿಗೆ ಬಾಣ ಬಿಡುತ್ತಾನೆ. ಗುರಿ ತಪ್ಪಲಿಲ್ಲ. ಸತ್ತವರು ಅವನ ತಂದೆ ಮತ್ತು ಅಜ್ಜಿ. ಪುನರ್ಜನ್ಮವನ್ನು ನಂಬದವನಿಗೂ ಈ ಸನ್ನಿವೇಶ ಚುಚ್ಚುತ್ತದೆ, ಏಕೆಂದರೆ ಅಲ್ಲಿ ಹಸಿವಿಲ್ಲ, ಬೆಳೆಗೆ ಹಾನಿಯಿಲ್ಲ, ಇದ್ದದ್ದು ಕೈಚಳಕ ತೋರಿಸುವ ಚಪಲ ಮಾತ್ರ.

ಹಾಗಾದರೆ ಬಿಲ್ಲನ್ನು ಅಟ್ಟಕ್ಕೆ ಹಾಕಬೇಕೇ? ಬೇಕಿಲ್ಲ. ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಬಾಲ್ಯದಲ್ಲಿ ಬಿದಿರಿನ ಬಿಲ್ಲಿನಿಂದ ಹಕ್ಕಿ ಹೊಡೆಯುತ್ತಿದ್ದವರು. ಭಾರತೀಯ ಕ್ರೀಡಾ ಪ್ರಾಧಿಕಾರದ ಕಣ್ಣಿಗೆ ಬಿದ್ದು, 1988, 1992, 1996ರ ಮೂರು ಒಲಿಂಪಿಕ್‌ಗಳಲ್ಲಿ ದೇಶದ ಪರವಾಗಿ ಬಿಲ್ಲೆತ್ತಿದರು. ಒಲಿಂಪಿಕ್ ಬಿಲ್ಲುಗಾರಿಕೆಯಲ್ಲಿ ಗುರಿಹಲಗೆ 70 ಮೀಟರ್ ದೂರದಲ್ಲಿರುತ್ತದೆ, ಅದರ ವ್ಯಾಸ 122 ಸೆಂಟಿಮೀಟರ್, ಹತ್ತು ಅಂಕದ ನಡುವೃತ್ತ ಬರೀ 12.2 ಸೆಂಟಿಮೀಟರ್. ಅಷ್ಟು ದೂರದಿಂದ ಅದನ್ನು ಮತ್ತೆ ಮತ್ತೆ ಮುಟ್ಟಬಲ್ಲವನಿಗೆ ಬೇರೆ ಸಾಕ್ಷಿ ಬೇಡ.

ಮಿಗದ ಹತ್ತಿರ ಹೋಗುವ ವಿದ್ಯೆಯನ್ನೂ ಬಿಡಬೇಕಿಲ್ಲ. ಬಿಲ್ಲನ್ನು ಮನೆಯಲ್ಲಿಟ್ಟು, ಸಂರಕ್ಷಿತ ಪ್ರದೇಶವಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಕಣ್ಣು ಮತ್ತು ದುರ್ಬೀನನ್ನಷ್ಟೇ ಒಯ್ಯಬೇಕು. ಬೆಳಗಿನ ಜಾವ ತಂಪುಗಾಳಿ ಗುಡ್ಡದಿಂದ ಕಣಿವೆಗೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಕಣಿವೆಯಿಂದ ಮೇಲಕ್ಕೆ ಹತ್ತುತ್ತದೆ. ಹೀಗಾಗಿ ನಸುಕಿನಲ್ಲಿ ಮಿಗಕ್ಕಿಂತ ಕೆಳಗೂ ಹೊತ್ತೇರಿದಾಗ ಮೇಲೂ ಇದ್ದವನ ಮೈವಾಸನೆ ಅದರ ಮೂಗಿಗೆ ತಾಗದು. ಬೇಣದ, ಅಂದರೆ ಹುಲ್ಲುಬೆಟ್ಟದ, ಅಂಚಿನಲ್ಲಿ ಕಡವೆ ಮುಂಗಾಲನ್ನು ನೆಲಕ್ಕೆ ಬಡಿದು, ಬಾಲವೆತ್ತಿ, ಗಟ್ಟಿಯಾಗಿ ಕೂಗಿತೆಂದರೆ ನೋಡುಗನ ಇರವು ಬಯಲಾಯಿತು. ಅಂದಿನ ಪಾಠ ಅಲ್ಲಿಗೆ ಮುಗಿಯಿತು.

ಕಡೆಯದಾಗಿ ಬಿಲ್ಲಿನ ಬಗ್ಗೆ ಎರಡು ಮಾತು. ಮೊದಲ ವರ್ಷ ಹಗುರವಾಗಿ ಸೆಳೆಯಬಹುದಾದ ಬಿಲ್ಲೇ ಸಾಕು, ಭಾರದ ಬಿಲ್ಲು ಹೆಗಲನ್ನು ಕೆಡಿಸುತ್ತದೆ. ಬಾಣವಿಲ್ಲದ ಹೆದೆಯನ್ನು ಸೆಳೆದು ಬಿಟ್ಟರೆ ಬಿಲ್ಲೇ ಸೀಳೀತು. ಗುರಿಹಲಗೆಯ ಹಿಂದೆ ಎತ್ತರದ ಮಣ್ಣಿನ ಧರೆಯಿರಲಿ, ದನದ ಹಾದಿಯಿರುವ ಕಡೆ ಅಭ್ಯಾಸ ಬೇಡವೇ ಬೇಡ. ಇನ್ನುಳಿದದ್ದು ಮುಖತಃ.