ಹೆಸರೊಂದೇ, ರೂಪ ಬೇರೆ

ಸೂರತ್ ನಗರದ ಸಮೀಪದಲ್ಲಿ, ತಾಪೀ ನದಿಯು ಸಮುದ್ರವನ್ನು ಸೇರುವೆಡೆ, ಹಜೀರಾ ಎಂಬ ಬಂದರಿದೆ. 2005ರಲ್ಲಿ ಅಲ್ಲಿ ದ್ರವೀಕೃತ ನೈಸರ್ಗಿಕ ಅನಿಲದ ನಿಲ್ದಾಣವೊಂದು ಕಾರ್ಯಾರಂಭ ಮಾಡಿತು. ಹಡಗಿನಲ್ಲಿ ಬರುವುದು ಸುಮಾರು ಮೈನಸ್ 162 ಡಿಗ್ರಿ ಸೆಲ್ಸಿಯಸಿನಷ್ಟು ತಣ್ಣಗಿರುವ ದ್ರವ. ಒಳನಾಡಿಗೆ ಸಾಗಿಸುವ ಕೊಳವೆಗಳಾದರೋ ಆವಿರೂಪದ ಅನಿಲಕ್ಕಾಗಿ ನಿರ್ಮಿತವಾದುವು. ವಸ್ತು ಒಂದೇ ಆದರೂ ದ್ರವವನ್ನು ನೇರವಾಗಿ ಕೊಳವೆಗೆ ಬಿಟ್ಟರೆ ಅನರ್ಥವಾದೀತು. ಆದುದರಿಂದ ನಡುವೆ ಅದನ್ನು ಕಾಯಿಸಿ ಅನಿಲವಾಗಿಸುವ ಏರ್ಪಾಡಿದೆ. ಕಂಪ್ಯೂಟರಿನ ಪ್ರೋಗ್ರಾಮುಗಳಲ್ಲಿಯೂ ಇಂತಹ ಸಂದರ್ಭ ಒದಗುವುದುಂಟು. ಅದನ್ನು ಇಲ್ಲಿ ವಿಚಾರ ಮಾಡೋಣ.

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಪರಿವರ್ತಿಸುವುದು ಕಂಪೈಲರು. ಪದೇ ಪದೇ ಬೇಕಾಗುವ ಕೆಲಸಗಳನ್ನು ಸಿದ್ಧವಾಗಿ ಒದಗಿಸುವುದು ಪ್ರಮಾಣಿತ ಲೈಬ್ರರಿ. ಬೇರೆ ಬೇರೆಯಾಗಿ ಸಿದ್ಧವಾದ ಭಾಗಗಳನ್ನು ಕೂಡಿಸುವುದು ಲಿಂಕರು. ಸಿ ಪ್ಲಸ್ ಪ್ಲಸ್ ಭಾಷೆಯ ನಿಯಮಗ್ರಂಥವು ‘ಸ್ಟ್ರಿಂಗ್’ ಎಂಬ ಅಕ್ಷರಮಾಲೆಯು ಹೇಗೆ ನಡೆದುಕೊಳ್ಳಬೇಕೆಂದು ವಿಧಿಸುತ್ತದೆ. ಅದು ಮೆಮೊರಿಯಲ್ಲಿ ಎಷ್ಟು ಸ್ಥಳವನ್ನು ಹೇಗೆ ಆಕ್ರಮಿಸಬೇಕೆಂಬುದನ್ನು ವಿಧಿಸುವುದಿಲ್ಲ. ತೊಡಕಿನ ಮೂಲ ಇಲ್ಲಿಯೇ ಇದೆ.

2011ರ ನಿಯಮಗಳಿಗೆ ಹೊಂದಿಕೊಳ್ಳಲೆಂದು, 2015ರಲ್ಲಿ ಹೊರಬಂದ ಜಿಸಿಸಿ ಕಂಪೈಲರಿನ 5ನೆಯ ಆವೃತ್ತಿಯು ಸ್ಟ್ರಿಂಗಿನ ಒಳರಚನೆಯನ್ನು ಬದಲಾಯಿಸಿತು. 64 ಬಿಟ್ಟಿನ ಯಂತ್ರಗಳಲ್ಲಿ ಹಳೆಯದು 8 ಬೈಟು, ಹೊಸದು 32 ಬೈಟು. ಕ್ಲಾಂಗ್ ಬಳಗದ ಲೈಬ್ರರಿಯಲ್ಲಿ ಅದೇ ಸ್ಟ್ರಿಂಗಿಗೆ 24 ಬೈಟು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ‘ವಿದ್ಯಾರ್ಥಿ’ ಎಂಬ ದಾಖಲೆಯಲ್ಲಿ ಮೊದಲು ಹೆಸರು, ಅನಂತರ ಅಂಕ. ಹೆಸರು ರಮೇಶ, ಅಂಕ 85. ನಮ್ಮ ಪ್ರೋಗ್ರಾಮು ಹೊಸ ರೂಪದ್ದು. ಆದುದರಿಂದ ಅಂಕವನ್ನು 32 ಬೈಟುಗಳಾದ ಮೇಲೆ ಇಡುತ್ತದೆ. ಅಂಕಪಟ್ಟಿ ಬರೆಯುವ ಲೈಬ್ರರಿ ಹಳೆಯ ರೂಪದ್ದು. ಅದು 8 ಬೈಟುಗಳಾದ ಕೂಡಲೇ ಅಂಕವನ್ನು ಹುಡುಕುತ್ತದೆ. ಹೊಸ ಸ್ಟ್ರಿಂಗಿನಲ್ಲಿ ಆ ಸ್ಥಳದಲ್ಲಿರುವುದು ಹೆಸರಿನ ಉದ್ದ! ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ರಮೇಶ ಎಂಬ ಹೆಸರಿಗೆ 12 ಬೈಟು. ಹೀಗಾಗಿ 85 ಪಡೆದ ರಮೇಶನಿಗೆ 12 ಅಂಕಗಳು ದಾಖಲಾಗಿ, ಅವನು ಅನುತ್ತೀರ್ಣನಾಗುತ್ತಾನೆ.

ಲಿಂಕರು ಇದನ್ನು ತಡೆಯಲಾರದೇ? ಕಾರ್ಯವೊಂದಕ್ಕೆ ಸ್ಟ್ರಿಂಗನ್ನೇ ನೇರವಾಗಿ ಕೊಟ್ಟಿದ್ದರೆ, ಎರಡು ರೂಪಗಳ ಒಳಹೆಸರುಗಳು ಬೇರೆಯಾಗಿರುವುದರಿಂದ, ಅದು ತಪ್ಪನ್ನು ತೋರಿಸಿ ನಿಂತುಬಿಡುತ್ತದೆ. ಆದರೆ ಸ್ಟ್ರಿಂಗು ‘ವಿದ್ಯಾರ್ಥಿ’ಯೊಳಗೆ ಅಡಗಿರುವಾಗ ಲಿಂಕರಿಗೆ ಕಾಣುವುದು ‘ವಿದ್ಯಾರ್ಥಿ’ ಎಂಬ ಹೆಸರು ಮಾತ್ರ. ನಿಂತುಹೋದ ಪ್ರೋಗ್ರಾಮು ತನ್ನ ರೋಗವನ್ನು ತಾನೇ ಸಾರುತ್ತದೆ; ತಪ್ಪು ಉತ್ತರವನ್ನು ಧೈರ್ಯವಾಗಿ ಕೊಡುವ ಪ್ರೋಗ್ರಾಮಾದರೋ ನಂಬಿದವರನ್ನು ಕೆಡಿಸುತ್ತದೆ.

ಪರಿಹಾರಗಳು ಮುಖ್ಯವಾಗಿ ಮೂರು. ಮೊದಲನೆಯದಾಗಿ, ಸಾಧ್ಯವಾದಲ್ಲೆಲ್ಲ ಎಲ್ಲ ಭಾಗಗಳನ್ನೂ ಒಂದೇ ಕಂಪೈಲರು ಮತ್ತು ಒಂದೇ ಲೈಬ್ರರಿಯಿಂದ ಸಿದ್ಧಪಡಿಸತಕ್ಕದ್ದು. ಹಳೆಯ ಭಾಗವನ್ನು ಬಿಡಲಾಗದಿದ್ದರೆ, ಹಳೆಯ ರೂಪವನ್ನೇ ಆರಿಸಿಕೊಳ್ಳುವ ಅವಕಾಶವನ್ನೂ ಜಿಸಿಸಿ ಒದಗಿಸಿದೆ. ಎರಡನೆಯದಾಗಿ, ಭಿನ್ನ ಭಾಗಗಳು ಕೂಡುವ ಗಡಿಯಲ್ಲಿ ಸಿ ಭಾಷೆಯ ಸರಳ ಪದ್ಧತಿಯನ್ನು ಅನುಸರಿಸಿ, ಸಂಖ್ಯೆ, ಅಕ್ಷರಗಳ ವಿಳಾಸ, ಅವುಗಳ ಉದ್ದ ಇಷ್ಟನ್ನೇ ದಾಟಿಸತಕ್ಕದ್ದು. ಮೂರನೆಯದಾಗಿ, ಮೆಮೊರಿಯನ್ನು ಯಾವ ಲೈಬ್ರರಿ ಪಡೆದಿತೋ ಅದೇ ಹಿಂದಿರುಗಿಸಬೇಕು. ಒಬ್ಬರ ಉಗ್ರಾಣದಿಂದ ತಂದುದನ್ನು ಇನ್ನೊಬ್ಬರ ಉಗ್ರಾಣಕ್ಕೆ ಒಪ್ಪಿಸಿದರೆ ಎರಡೂ ಲೆಕ್ಕಗಳು ಕೆಡುತ್ತವೆ.

ಹಜೀರಾದಲ್ಲಿ ಹಡಗೂ ದೋಷವುಳ್ಳದ್ದಲ್ಲ, ಕೊಳವೆಯೂ ದೋಷವುಳ್ಳದ್ದಲ್ಲ. ಅವು ಕೂಡುವ ಸ್ಥಳದಲ್ಲಿ ಎಚ್ಚರ ಬೇಕು. ನಮ್ಮ ಪ್ರೋಗ್ರಾಮುಗಳ ವಿಷಯವೂ ಹೀಗೆಯೇ. ಹೆಸರು ಒಂದೆಂದು ನಂಬದೆ, ರೂಪವೂ ಒಂದೇ ಎಂಬುದನ್ನು ನಿಶ್ಚಯಿಸಿಕೊಂಡು ಮುಂದುವರಿಯೋಣ.